ವಿಷಲ್ ನಮ್ಮ ಕೈಗೆ ಬಂದಾಗ

(ದೈಹಿಕ ಶಿಕ್ಷಣ ಶಿಕ್ಷಕರು ಮತ್ತು ಕಾಲೇಜು ಕ್ರೀಡಾಪಟುಗಳ ಎದುರು ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ದೇಶಾಭಿಮಾನ ಮತ್ತು ಆಟದ ನ್ಯಾಯದ ಬಗ್ಗೆ ಮಾತಾಡಿ ಅಂದಿದ್ದೀರಿ. ಈ ವಿಷಯ ದೊಡ್ಡದು. ಸುಮ್ನೆ ಎಲ್ಲ ಕಡೆ ಸುತ್ತಿದರೆ ಯಾವುದೂ ಕೈಗೆ ಸಿಗುವುದಿಲ್ಲ. ಅದಕ್ಕೆ 2023ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗಿನ ಮೂರು ವಾರವನ್ನು ಹಿಡಿದುಕೊಂಡು ಮಾತಾಡುತ್ತೇನೆ. ಅಷ್ಟರೊಳಗೆ ಹಾಂಗ್‌ಝೌ, ದೆಹಲಿ, ಅಹಮದಾಬಾದ್‌ಗಳಲ್ಲಿ ನಡೆದದ್ದನ್ನು ಒಟ್ಟಿಗೆ ಇಟ್ಟು ನೋಡಿದರೆ ನಾವು ಎಲ್ಲಿ ನಿಂತಿದ್ದೇವೆ ಅಂತ ಗೊತ್ತಾಗುತ್ತದೆ.

ಮೊದಲು ಹಾಂಗ್‌ಝೌ. ಏಷ್ಯನ್ ಗೇಮ್ಸ್. ಅಕ್ಟೋಬರ್ 1ರ ರಾತ್ರಿ, ಮಹಿಳೆಯರ 100 ಮೀಟರ್ ಹರ್ಡಲ್ಸ್ ಫೈನಲ್. ವಿಶಾಖಪಟ್ಟಣದ ಹುಡುಗಿ ಜ್ಯೋತಿ ಯರ್ರಾಜಿ ಬ್ಲಾಕ್ ಮೇಲೆ ಕಾಲಿಟ್ಟು ಕೂತಿದ್ದಾರೆ. ಪಕ್ಕದ ಲೇನ್‌ನಲ್ಲಿ ಚೀನಾದ ವೂ ಯಾನ್ನಿ, ಮನೆಯಂಗಳದ ನೆಚ್ಚಿನ ಓಟಗಾರ್ತಿ. ಗನ್ ಸದ್ದಿಗಿಂತ ಮೊದಲೇ ವೂ ಎದ್ದುಬಿಟ್ಟರು. ಅವರು ಎದ್ದದ್ದು ಕಂಡು ಜ್ಯೋತಿಯೂ ಅಲುಗಿದರು. ಅಧಿಕಾರಿಗಳು ಬಂದು ಜ್ಯೋತಿಗೂ ಹೊರಗೆ ನಡೆಯಿರಿ ಅಂದರು. ಜ್ಯೋತಿ ನಡೆಯಲಿಲ್ಲ. ತಾನು ಮೊದಲು ಏಳಲಿಲ್ಲ, ಬೇಕಾದರೆ ವಿಡಿಯೋ ನೋಡಿ ಅಂತ ಅಲ್ಲೇ ನಿಂತು ವಾದ ಮಾಡಿದರು. ಅವರ ಸುತ್ತ ಅಧಿಕಾರಿಗಳು, ಎದುರಿಗೆ ರಿಪ್ಲೇ ತೋರಿಸುವ ಪರದೆ, ಸ್ಟೇಡಿಯಂ ತುಂಬ ಚೀನಾದ ಜನ. ಕೊನೆಗೆ ಇಬ್ಬರಿಗೂ ಓಡಲು ಬಿಟ್ಟರು. ಆಕ್ಷೇಪ ಬಾಕಿ ಇಟ್ಟುಕೊಂಡೇ ಓಡಿಸುವುದು ಇದು. ಮೊದಲು ಓಡಿ, ತೀರ್ಪು ಆಮೇಲೆ.

ಅಂಥ ಗಲಾಟೆಯಾದ ಮೇಲೂ ಜ್ಯೋತಿ 12.91 ಸೆಕೆಂಡಿನಲ್ಲಿ ಓಡಿ ಮೂರನೆಯವರಾಗಿ ಬಂದರು. ವೂ ಎರಡನೆಯವರು. ಆಮೇಲೆ ವೂ ಅವರನ್ನು ಅನರ್ಹಗೊಳಿಸಿದರು, ಜ್ಯೋತಿಗೆ ಬೆಳ್ಳಿ ಬಂತು.

ಮೂರು ದಿನ ಕಳೆದು ಜಾವೆಲಿನ್ ಫೈನಲ್. ನೀರಜ್ ಚೋಪ್ರಾ ಅವರ ಮೊದಲ ಎಸೆತ ದೂರ ಹೋಗಿ ಬಿತ್ತು. ಆದರೆ ಅಳತೆ ಆಗಲೇ ಇಲ್ಲ. ಅಷ್ಟರಲ್ಲಿ ಮುಂದಿನವರೂ ಎಸೆದಾಗಿತ್ತು, ನೀರಜ್ ಅವರ ಗುರುತು ಸಿಗಲಿಲ್ಲ. ಕಾಯಿಸಿ, ಮತ್ತೆ ಎಸೆಯಿರಿ ಅಂದರು. ನಮ್ಮವರೇ ಆದ ಇನ್ನೊಬ್ಬ ಎಸೆತಗಾರ ಕಿಶೋರ್ ಜೇನಾ ಅವರ ಎರಡನೇ ಎಸೆತಕ್ಕೆ ಮೊದಲು ಫೌಲ್ ಅಂತ ಕೆಂಪು ಬಾವುಟ ಎತ್ತಿದರು. ನೀರಜ್ ಅವರೂ ಸೇರಿ ಪ್ರಶ್ನೆ ಮಾಡಿದ ಮೇಲೆ ಬಿಳಿ ಬಾವುಟ ಬಂತು. ಕೊನೆಗೆ 88.88 ಮೀಟರ್ ಎಸೆದು ನೀರಜ್ ಚಿನ್ನ ಗೆದ್ದರು, 87.54 ಎಸೆದ ಜೇನಾಗೆ ಬೆಳ್ಳಿ. ನಾವು ಟಿವಿ ಮುಂದೆ ಕುಣಿದಾಡಿದೆವು. ಚೀನಾದವರು ಬೇಕಂತಲೇ ಮಾಡಿದರು ಅಂತ ಎಲ್ಲ ಕಡೆ ಮಾತು.

ಬೇಕಂತಲೇ ಮಾಡಿದರೋ, ಎಡವಟ್ಟಾಯಿತೋ, ಅದನ್ನು ತೀರ್ಮಾನ ಮಾಡಲು ನನ್ನ ಹತ್ತಿರ ಪುರಾವೆ ಇಲ್ಲ. ಎಸೆತದ ಅಳತೆ ತಪ್ಪಿಸಿದ್ದು ದೊಡ್ಡ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಜ್ಯೋತಿ ವಿಷಯದಲ್ಲಿ ಇನ್ನೊಂದು ಅಂಶ ಇದೆ, ಅದನ್ನು ಯಾರೂ ಜಾಸ್ತಿ ಹೇಳಲಿಲ್ಲ. ಚೀನಾದ ನೆಲದಲ್ಲಿ, ಚೀನಾದ ಜನರ ಎದುರಿಗೆ, ಚೀನಾದ ಓಟಗಾರ್ತಿಯ ಬೆಳ್ಳಿಯನ್ನು ಕಿತ್ತು ಭಾರತದ ಹುಡುಗಿಗೆ ಕೊಟ್ಟರು. ಇದು ಯಾರದೋ ಒಳ್ಳೇ ಮನಸ್ಸಿನಿಂದ ಆದದ್ದಲ್ಲ. ಬ್ಲಾಕ್‌ನಲ್ಲಿ ಸೆನ್ಸರ್ ಇತ್ತು. ವಿಡಿಯೋ ಇತ್ತು. ಆಕ್ಷೇಪ ಇಟ್ಟುಕೊಂಡೇ ಓಡುವ ಹಕ್ಕು ರೂಲ್ ಪುಸ್ತಕದಲ್ಲಿ ಬರೆದಿತ್ತು. ಆ ಹಕ್ಕು ತನಗಿದೆ ಅಂತ ಗಟ್ಟಿಯಾಗಿ ನಿಲ್ಲುವ ಹುಡುಗಿಯೂ ಇದ್ದರು. ಇದರಲ್ಲಿ ಒಂದು ಇಲ್ಲದಿದ್ದರೂ ಜ್ಯೋತಿ ಅಳುತ್ತಾ ಹೊರಗೆ ಬರಬೇಕಾಗುತ್ತಿತ್ತು.

ಅದು ಇಲ್ಲದ ಕಡೆ ಏನಾಗುತ್ತದೆ ಅನ್ನುವುದನ್ನೂ ನೋಡಿದ್ದೇವೆ. 2014, ಇಂಚಿಯಾನ್ ಏಷ್ಯನ್ ಗೇಮ್ಸ್. ಮಣಿಪುರದ ಸರಿತಾ ದೇವಿ ಬಾಕ್ಸಿಂಗ್ ಸೆಮಿಫೈನಲ್‌ನಲ್ಲಿ ದಕ್ಷಿಣ ಕೊರಿಯಾದ ಪಾರ್ಕ್ ಜಿ-ನಾ ಎದುರು ಆಡಿದರು. ಸರಿತಾ ಗೆದ್ದರು ಅಂತಲೇ ನೋಡಿದವರಿಗೆ ಅನಿಸಿತು. ಜಡ್ಜ್‌ಗಳು ಕೊರಿಯಾದವರ ಕೈ ಎತ್ತಿದರು. ದೂರು ಕೊಟ್ಟರೆ, ಜಡ್ಜ್‌ಗಳ ತೀರ್ಪನ್ನು ಪ್ರಶ್ನಿಸಲು ರೂಲ್‌ನಲ್ಲಿ ಅವಕಾಶವೇ ಇಲ್ಲ ಅಂದರು. ಮರುದಿನ ಪದಕ ಕೊಡುವಾಗ ಸರಿತಾ ಅಳುತ್ತಾ ತಮ್ಮ ಕಂಚನ್ನು ಪಾರ್ಕ್ ಅವರ ಕೊರಳಿಗೇ ಹಾಕಿಬಿಟ್ಟರು. ಆ ಪಾಪದ ಹುಡುಗಿ ಏನು ಮಾಡಬೇಕು ಅಂತ ತಿಳಿಯದೆ ನಿಂತಿದ್ದರು. ಸರಿತಾಗೆ ಒಂದು ವರ್ಷ ನಿಷೇಧ. ದೂರು ಕೇಳಿಸಿಕೊಳ್ಳುವ ಬಾಗಿಲೇ ಇಲ್ಲದಿದ್ದಾಗ ಸಿಟ್ಟು ಪದಕದ ವೇದಿಕೆಯ ಮೇಲೇ ಹೊರಗೆ ಬರುತ್ತದೆ.

ಇನ್ನೂ ಹಿಂದೆ ಹೋದರೆ 1988ರ ಸಿಯೋಲ್ ಒಲಿಂಪಿಕ್ಸ್. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕೊರಿಯಾದ ಬಾಕ್ಸರ್ ಬ್ಯುನ್ ಜಾಂಗ್-ಇಲ್ ಒಂದು ಪಂದ್ಯ ಸೋತರು. ತಲೆಯಿಂದ ಗುದ್ದಿದ್ದಕ್ಕೆ ರೆಫರಿ ಅವರಿಗೆ ಅಂಕ ಕಡಿತ ಮಾಡಿದ್ದರು. ಕೊರಿಯಾದ ಕಡೆಯವರು ರಿಂಗ್‌ಗೆ ನುಗ್ಗಿ ರೆಫರಿ ಮೇಲೆ ಕೈ ಮಾಡಿದರು. ಬ್ಯುನ್ ರಿಂಗ್‌ನಲ್ಲೇ ಕೂತುಬಿಟ್ಟರು, 67 ನಿಮಿಷ. ದೀಪ ಆರಿಸಿದರೂ ಏಳಲಿಲ್ಲ. ಇದಾಗಿ ಹತ್ತು ದಿನಕ್ಕೆ ಇನ್ನೊಂದು ತೂಕದ ವಿಭಾಗದ ಫೈನಲ್. ಅಮೆರಿಕದ ರಾಯ್ ಜೋನ್ಸ್ ಜೂನಿಯರ್, ಕೊರಿಯಾದ ಪಾರ್ಕ್ ಸಿ-ಹನ್. ಜೋನ್ಸ್ ಹೊಡೆದ 86 ಏಟು ತಾಗಿದವು, ಪಾರ್ಕ್ ಅವರದು 32. ಮೂರು ಜಡ್ಜ್‌ಗಳು ಪಾರ್ಕ್ ಪರ, ಇಬ್ಬರು ಜೋನ್ಸ್ ಪರ. ಚಿನ್ನ ಕೊರಿಯಾಕ್ಕೆ.

ಆ ಕೂಟದ ಅತ್ಯುತ್ತಮ ಬಾಕ್ಸರ್ ಪ್ರಶಸ್ತಿಯನ್ನು ಸೋತ ಜೋನ್ಸ್‌ಗೇ ಕೊಟ್ಟರು. ಅಂದರೆ ತೀರ್ಪು ಎಂಥದ್ದು ಅಂತ ಎಲ್ಲರಿಗೂ ಗೊತ್ತಿತ್ತು. ಮುಂದೆ ತನಿಖೆ ನಡೆಯಿತು, ಲಂಚಕ್ಕೆ ಪುರಾವೆ ಸಿಗಲಿಲ್ಲ. 1992ರಿಂದ ಅಂಕ ಎಣಿಸಲು ಕಂಪ್ಯೂಟರ್ ತಂದರು. ಅಲ್ಲಿಗೆ ರೋಗ ವಾಸಿಯಾಗಲಿಲ್ಲ. ಬಾಕ್ಸಿಂಗ್ ಸಂಸ್ಥೆಯೊಳಗಿನ ಗಲೀಜು ಎಷ್ಟಿತ್ತೆಂದರೆ, 2023ರಲ್ಲಿ ಒಲಿಂಪಿಕ್ ಸಮಿತಿ ಅದರ ಮಾನ್ಯತೆಯನ್ನೇ ಕಿತ್ತುಕೊಂಡಿತು.

ನನ್ನನ್ನು ಕಾಡುವವರು ಪಾರ್ಕ್ ಸಿ-ಹನ್. ಅವರು ಯಾರಿಗೂ ಮೋಸ ಮಾಡಿರಲಿಲ್ಲ. ತನ್ನ ಕೈಲಾದಷ್ಟು ಆಡಿದರು, ಸೋತೆ ಅಂದುಕೊಂಡರು, ರೆಫರಿ ಬಂದು ಕೈ ಎತ್ತಿದರು. ಆ ಚಿನ್ನ ತನ್ನ ಬದುಕಿಗೆ ಭಾರವಾಯಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಊರವರೇ ಅದನ್ನು ಗೌರವಿಸಲಿಲ್ಲ. ಮೂವತ್ತೈದು ವರ್ಷ ಆದ ಮೇಲೆ, 2023ರಲ್ಲಿ, ಅವರು ಅಮೆರಿಕದ ಪೆನ್ಸಕೋಲಾಕ್ಕೆ ಹೋಗಿ ಆ ಪದಕವನ್ನು ರಾಯ್ ಜೋನ್ಸ್ ಕೈಗೆ ಕೊಟ್ಟರು. ಇದು ನಿಮ್ಮದು ಅಂದರು. ಜೋನ್ಸ್ ಕಣ್ಣಲ್ಲಿ ನೀರು. ತಮ್ಮವರನ್ನು ಗೆಲ್ಲಿಸಬೇಕು ಅಂತ ಯಾರೋ ಮಾಡಿದ ಕೆಲಸ ತಮ್ಮವನನ್ನೇ ಮೂವತ್ತೈದು ವರ್ಷ ಸುಟ್ಟಿತು. ಆತಿಥೇಯರ ಪಕ್ಷಪಾತಕ್ಕೆ ಮೊದಲು ಬಲಿಯಾಗುವವನು ಎದುರಾಳಿ ಮಾತ್ರ ಅಂತ ನಾವು ತಿಳಿದಿರುತ್ತೇವೆ. ಪಾರ್ಕ್ ಅವರನ್ನು ನೋಡಿದರೆ ಹಾಗೆ ಅನಿಸುವುದಿಲ್ಲ.

ಮತ್ತೆ ಹಾಂಗ್‌ಝೌಗೆ ಬರೋಣ. ಇಲ್ಲಿ ಕಬಡ್ಡಿ ಆಡುವವರು ಬಹಳ ಜನ ಇದ್ದೀರಿ. ಅಕ್ಟೋಬರ್ 7ರ ಪುರುಷರ ಫೈನಲ್ ನಿಮಗೆ ನೆನಪಿರಲೇಬೇಕು. ಭಾರತ, ಇರಾನ್. ಕೊನೇ ನಿಮಿಷ, 28-28. ನಮ್ಮ ಪವನ್ ಸೆಹ್ರಾವತ್ ಡು ಆರ್ ಡೈ ರೇಡ್‌ಗೆ, ಅಂದರೆ ಅಂಕ ತರಲೇಬೇಕಾದ ರೇಡ್‌ಗೆ ಹೋದರು. ಯಾರನ್ನೂ ಮುಟ್ಟದೆ ಅಂಕಣದ ಅಂಚಿನ ಪಟ್ಟಿಯಾದ ಲಾಬಿಗೆ ಕಾಲಿಟ್ಟರು, ಹಿಂದೆಯೇ ಇರಾನಿನ ಡಿಫೆಂಡರ್‌ಗಳೂ ನುಗ್ಗಿದರು. ಹಳೇ ರೂಲ್ ಪ್ರಕಾರ ಒಂದು ಲೆಕ್ಕ, ಪ್ರೊ ಕಬಡ್ಡಿಯಲ್ಲಿ ನಡೆಯುವ ರೂಲ್ ಪ್ರಕಾರ ಇನ್ನೊಂದು ಲೆಕ್ಕ. ತೀರ್ಪು ಅತ್ತ ಇತ್ತ ಹೊರಳಿತು. ಒಮ್ಮೆ ನಮ್ಮವರು ಮ್ಯಾಟ್ ಮೇಲೆ ಕೂತರು, ಒಮ್ಮೆ ಅವರು. ಹತ್ತಿರ ಹತ್ತಿರ ಒಂದು ಗಂಟೆ ಆಟ ನಿಂತಿತು. ಕೊನೆಗೆ ಅಂಕ ಭಾರತದ ಕಡೆ ಬಂತು, 33-29ಕ್ಕೆ ಚಿನ್ನ ನಮ್ಮದಾಯಿತು.

ಪುಸ್ತಕದ ರೂಲ್ ನಮ್ಮ ಕಡೆಗೇ ಇತ್ತು ಅಂತ ವಾದಿಸಬಹುದು, ನಾನೂ ಅದನ್ನು ಒಪ್ಪುತ್ತೇನೆ. ಆದರೆ ಟೆಹರಾನ್‌ನಲ್ಲಿ ಟಿವಿ ನೋಡುತ್ತಿದ್ದ ಒಬ್ಬ ಕಬಡ್ಡಿ ಹುಡುಗನಿಗೆ ಆ ಹೊತ್ತಿನಲ್ಲಿ ಏನನಿಸಿರಬಹುದು? ಕಬಡ್ಡಿ ಭಾರತದ ಆಟ, ಅಂತರರಾಷ್ಟ್ರೀಯ ಸಂಸ್ಥೆ ನಡೆಸುವುದರಲ್ಲೂ ಭಾರತದವರದೇ ದೊಡ್ಡ ಕೈ, ರೂಲ್ ಎರಡು ಥರ, ತೀರ್ಪು ಭಾರತದ ಪರ. ಮೂರು ದಿನದ ಹಿಂದೆ ನೀರಜ್ ಎಸೆತದ ಬಗ್ಗೆ ನಾವು ಆಡಿದ ಮಾತನ್ನೇ ಅವನೂ ಆಡಿರುತ್ತಾನೆ, ಅಲ್ವಾ? ಫೈನಲ್‌ಗೆ ಮೊದಲು ಎರಡು ತಂಡಕ್ಕೂ ಒಂದೇ ರೂಲ್ ಓದಿ ಹೇಳಿ ಸಹಿ ಹಾಕಿಸಿಕೊಂಡಿದ್ದರೆ ಆ ಒಂದು ಗಂಟೆಯ ಅವಮಾನ ಇಬ್ಬರಿಗೂ ತಪ್ಪುತ್ತಿತ್ತು. ನಾವು ದೊಡ್ಡಣ್ಣ ಆಗಿರುವ ಆಟದಲ್ಲಿ ಈ ಕೆಲಸ ಮಾಡಬೇಕಾದವರು ನಾವೇ.

ಇದೇ ಹೊತ್ತಿಗೆ ದೆಹಲಿಯಲ್ಲಿ ಏನು ನಡೆಯಿತು ನೋಡಿ. ಹಾಂಗ್‌ಝೌ ಕೂಟ ಶುರುವಾಗಿ ಮೂರು ದಿನ, ಸೆಪ್ಟೆಂಬರ್ 26. ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟದ ಕೊನೇ ದಿನ, ಜವಾಹರಲಾಲ್ ನೆಹರು ಸ್ಟೇಡಿಯಂ. ಅಲ್ಲಿನ ಶೌಚಾಲಯದಲ್ಲಿ ಬಿದ್ದಿದ್ದ ಸಿರಿಂಜ್‌ಗಳ ವಿಡಿಯೋ ಹರಿದಾಡಿತ್ತು. ನಾಡಾ, ಅಂದರೆ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಯ ಅಧಿಕಾರಿಗಳು ಡೋಪಿಂಗ್ ಪರೀಕ್ಷೆಗೆ ಬಂದರು. ಸುದ್ದಿ ಹಬ್ಬಿದ್ದೇ ತಡ, ಓಟಗಾರರು ಮಾಯ. ಪುರುಷರ 100 ಮೀಟರ್ ಫೈನಲ್‌ನಲ್ಲಿ ಎಂಟು ಜನ ಓಡಬೇಕಿತ್ತು. ಓಡಿದ್ದು ಒಬ್ಬನೇ. ಸ್ಟೀಪಲ್‌ಚೇಸ್ ಓಡಿದ ಒಬ್ಬ ಹುಡುಗಿ ಗೆರೆ ದಾಟಿದ ಮೇಲೂ ನಿಲ್ಲದೆ ಓಡುತ್ತಲೇ ಹೋದಳು, ಅಧಿಕಾರಿ ಹಿಂದೆ ಓಡಬೇಕಾಯಿತು ಅಂತ ಪತ್ರಿಕೆಗಳಲ್ಲಿ ಬಂತು.

ಹಾಂಗ್‌ಝೌನಲ್ಲಿ ಒಂದು ಎಸೆತ ಅಳೆಯಲಿಲ್ಲ ಅಂತ ದೇಶವೇ ಸಿಟ್ಟಾಯಿತು. ದೆಹಲಿಯಲ್ಲಿ ಒಂದು ಫೈನಲ್ ಪೂರ್ತಿ ಖಾಲಿಯಾದಾಗ ಆ ಸಿಟ್ಟಿನಲ್ಲಿ ಹತ್ತನೇ ಒಂದು ಪಾಲೂ ಕಾಣಲಿಲ್ಲ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ವಾಡಾದ 2023ರ ವರದಿ ಪ್ರಕಾರ, ಜಾಸ್ತಿ ಪರೀಕ್ಷೆ ಮಾಡಿದ ದೇಶಗಳ ಪೈಕಿ ಸಿಕ್ಕಿಬಿದ್ದವರ ಪ್ರಮಾಣದಲ್ಲಿ ಭಾರತವೇ ಮುಂದೆ. 5,606 ಮಾದರಿಗಳಲ್ಲಿ 200ಕ್ಕೂ ಜಾಸ್ತಿ ಪಾಸಿಟಿವ್, ಸುಮಾರು 3.8 ಶೇಕಡ.

ನಮ್ಮ ರಾಜ್ಯಕ್ಕೂ ಇದು ದೂರದ ಮಾತಲ್ಲ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನ ಮಿಶ್ರ ರಿಲೇ ನೆನಪಿದೆಯಾ? ಅನಸ್, ಕೊಡಗಿನ ಪೂವಮ್ಮ, ಹಿಮಾ ದಾಸ್, ಆರೋಕಿಯ ರಾಜೀವ್. ಬಹ್ರೇನ್‌ಗೆ ಚಿನ್ನ, ನಮಗೆ ಬೆಳ್ಳಿ. ಬಹ್ರೇನ್ ತಂಡದ ಕೆಮಿ ಅಡೆಕೊಯಾ ಡೋಪಿಂಗ್‌ನಲ್ಲಿ ಸಿಕ್ಕಿಬಿದ್ದರು. ಚಿನ್ನ ನಮಗೆ ಬಂತು, ಆದರೆ 2020ರ ಜುಲೈನಲ್ಲಿ, ಲಾಕ್‌ಡೌನ್ ಕಾಲದಲ್ಲಿ. ವೇದಿಕೆ ಹತ್ತಿ ರಾಷ್ಟ್ರಗೀತೆ ಕೇಳುವ ಆ ಒಂದು ನಿಮಿಷ ಆ ನಾಲ್ವರಿಗೆ ಯಾರೂ ವಾಪಸ್ ಕೊಡಲಾರರು. ಅದು ನಮಗಾದ ಅನ್ಯಾಯ. ಮುಂದೆ ಅದೇ ಪೂವಮ್ಮ 2021ರ ಪರೀಕ್ಷೆಯೊಂದರಲ್ಲಿ ಸಿಕ್ಕಿಬಿದ್ದರು. ಮೊದಲು ಮೂರು ತಿಂಗಳು ಅಂತಿದ್ದ ಶಿಕ್ಷೆಯನ್ನು ಮೇಲ್ಮನವಿ ಸಮಿತಿ ಎರಡು ವರ್ಷಕ್ಕೆ ಏರಿಸಿತು. ಪೂವಮ್ಮ ಓಡುವುದನ್ನು ಪ್ರೀತಿಯಿಂದ ನೋಡಿದವನು ನಾನು. ಇದನ್ನು ಹೇಳಲು ಸಂಕಟ ಆಗುತ್ತದೆ. ಆದರೆ ಬಹ್ರೇನ್‌ಗೆ ಬೇಕು ಅಂದ ರೂಲ್ ನಮಗೆ ಬೇಡ ಅನ್ನಲು ಆಗುವುದಿಲ್ಲ.

ಇಲ್ಲಿ ವಿನೇಶ್ ಫೋಗಟ್ ಅವರ ಮಾತೂ ಬರಬೇಕು. ಪ್ಯಾರಿಸ್ ಒಲಿಂಪಿಕ್ಸ್, 2024ರ ಆಗಸ್ಟ್ 6. ಅಂತರರಾಷ್ಟ್ರೀಯ ಕುಸ್ತಿಯಲ್ಲಿ ಸೋಲೇ ಕಾಣದ ಜಪಾನಿನ ಸುಸಾಕಿಯನ್ನು ವಿನೇಶ್ ಸೋಲಿಸಿದರು. ಫೈನಲ್ ಮುಟ್ಟಿದರು. ತೂಕ ಇಳಿಸಲು ರಾತ್ರಿಯೆಲ್ಲ ಬೆವರು ಹರಿಸಿದರು, ಕೂದಲು ಕತ್ತರಿಸಿಕೊಂಡರು. ಬೆಳಿಗ್ಗೆ ತಕ್ಕಡಿಯಲ್ಲಿ 100 ಗ್ರಾಂ ಜಾಸ್ತಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಪದಕವೂ ಇಲ್ಲ. ಪಿತೂರಿ, ಮೋಸ ಅಂತ ಎಷ್ಟು ಮಾತು ಬಂತು. ಆದರೆ ಎರಡು ದಿನವೂ ಬೆಳಿಗ್ಗೆ ತೂಕ ನೋಡುವ ರೂಲ್ ಎಲ್ಲರಿಗೂ ಒಂದೇ ಇತ್ತು. ಕ್ರೀಡಾ ನ್ಯಾಯಮಂಡಳಿ ಶಿಕ್ಷೆ ತುಂಬ ಕಠೋರ ಅಂತ ಒಪ್ಪಿತು, ಮನವಿಯನ್ನು ಮಾತ್ರ ತಳ್ಳಿಹಾಕಿತು. ರೂಲ್ ಕ್ರೂರವಾಗಿದ್ದರೆ ಬದಲಾಯಿಸಿ ಅಂತ ಜಗಳ ಮಾಡೋಣ, ಮಾಡಲೇಬೇಕು. ನಿನ್ನೆ ಗೆದ್ದದ್ದನ್ನು ಇವತ್ತಿನ ತೂಕ ಯಾಕೆ ಅಳಿಸಬೇಕು ಅನ್ನುವುದು ನ್ಯಾಯವಾದ ಪ್ರಶ್ನೆ. ಆದರೆ ಕಠಿಣವಾದದ್ದೆಲ್ಲ ನಮ್ಮ ವಿರುದ್ಧದ ಸಂಚು ಅಂದುಕೊಂಡರೆ, ನಿಜವಾಗಿ ಸಂಚು ನಡೆದಾಗ ನಮ್ಮ ಮಾತನ್ನು ಯಾರೂ ನಂಬುವುದಿಲ್ಲ.

ಈ ಎಲ್ಲ ಉರಿಗೆ ತುಪ್ಪ ಸುರಿಯುವುದು ಪದಕ ಪಟ್ಟಿ. ಒಲಿಂಪಿಕ್ ಸನ್ನದಿನಲ್ಲಿ ಸ್ಪಷ್ಟವಾಗಿ ಬರೆದಿದೆ: ಸ್ಪರ್ಧೆ ಕ್ರೀಡಾಪಟುಗಳ ನಡುವೆ, ದೇಶಗಳ ನಡುವೆ ಅಲ್ಲ. ಆದರೂ ನಾವು ಬೆಳಗ್ಗೆ ಎದ್ದು ಮೊದಲು ನೋಡುವುದು ಪಟ್ಟಿಯನ್ನೇ. ಹಾಂಗ್‌ಝೌಗೆ ಹೋಗುವಾಗ ಈ ಸಲ ನೂರು ದಾಟಬೇಕು ಅನ್ನುವುದೇ ಘೋಷಣೆ. 107 ಬಂತು, ಅದರಲ್ಲಿ 28 ಚಿನ್ನ. ನನಗೂ ಹೆಮ್ಮೆ ಆಯಿತು, ಯಾಕೆ ಆಗಬಾರದು? ನಮ್ಮ ಹಳ್ಳಿ ಮಕ್ಕಳು ಬರಿಗಾಲಲ್ಲಿ ಶುರು ಮಾಡಿ ಅಲ್ಲಿಗೆ ಮುಟ್ಟಿದ್ದಾರೆ.

ಹಾಂಗ್‌ಝೌ ಕೂಟ ಮುಗಿದು ಒಂದು ವಾರ ಆಗಿರಲಿಲ್ಲ. ಅಕ್ಟೋಬರ್ 14, ಅಹಮದಾಬಾದ್. ಕ್ರಿಕೆಟ್ ವಿಶ್ವಕಪ್‌ನಲ್ಲಿ ಭಾರತ, ಪಾಕಿಸ್ತಾನ. ಪಾಕಿಸ್ತಾನದ ಅಭಿಮಾನಿಗಳಿಗೆ ವೀಸಾ ಸಿಕ್ಕಿರಲಿಲ್ಲ. ಒಂದು ಲಕ್ಷಕ್ಕೂ ಜಾಸ್ತಿ ಜನರಿರುವ ಸ್ಟೇಡಿಯಂ ಪೂರ್ತಿ ನೀಲಿ. ಟಾಸ್ ಹೊತ್ತಿಗೇ ಬಾಬರ್ ಆಜಂ ಅವರನ್ನು ಮೂದಲಿಸಿದರು. ಔಟಾಗಿ ಹೋಗುತ್ತಿದ್ದ ರಿಜ್ವಾನ್ ಅವರ ಕಿವಿಗೆ ಬೀಳುವ ಹಾಗೆ ಘೋಷಣೆ ಕೂಗಿದರು. ಜ್ಯೋತಿಗೆ ಪರದೇಶದ ಜನರ ನಡುವೆ ಒಬ್ಬಂಟಿಯಾಗಿ ನಿಂತಾಗ ಹೇಗಿತ್ತು ಅಂತ ಎರಡು ವಾರದ ಹಿಂದಷ್ಟೇ ನೋಡಿದ್ದ ಜನ ನಾವು. ಕ್ರಿಕೆಟ್ ವಿಶ್ವಕಪ್ ಒಂದೇ ಆಟದ ಕೂಟ, ಇದನ್ನು ಇಲ್ಲಿ ಯಾಕೆ ತಂದೆ ಅಂತ ಕೇಳಬಹುದು. 2030ರ ಕಾಮನ್‌ವೆಲ್ತ್ ಗೇಮ್ಸ್ ಅದೇ ಅಹಮದಾಬಾದ್‌ಗೆ ಸಿಕ್ಕಿದೆ. 2036ರ ಒಲಿಂಪಿಕ್ಸ್‌ಗೂ ಭಾರತ ಆಸೆ ಇಟ್ಟಿದೆ. ಅಂದರೆ ಸ್ಟಾರ್ಟರ್ ಕೈಯಲ್ಲಿರುವ ಗನ್, ಅಳತೆ ಟೇಪು, ಬಾವುಟ, ವಿಷಲ್, ಎಲ್ಲವೂ ನಮ್ಮ ಕೈಗೆ ಬರುವ ದಿನ ದೂರ ಇಲ್ಲ. ಪಾಕಿಸ್ತಾನವೂ ಕಾಮನ್‌ವೆಲ್ತ್ ದೇಶ. ಅಲ್ಲಿನ ಜಾವೆಲಿನ್ ಎಸೆತಗಾರ ಬಂದು ನಿಂತಾಗ ಏನು ಮಾಡುತ್ತೇವೆ?

ನೀರಜ್ ಅವರ ತಾಯಿ ಸರೋಜ್ ದೇವಿ ಇದಕ್ಕೆ ಉತ್ತರ ಕೊಟ್ಟಾಗಿದೆ. ಪ್ಯಾರಿಸ್‌ನಲ್ಲಿ ಪಾಕಿಸ್ತಾನದ ಅರ್ಷದ್ ನದೀಮ್ 92.97 ಮೀಟರ್ ಎಸೆದು ಚಿನ್ನ ಗೆದ್ದಾಗ, ಅವನೂ ನಮ್ಮ ಹುಡುಗನೇ ಅಂದರು ಆ ತಾಯಿ. ದೇಶವೆಲ್ಲ ಮೆಚ್ಚಿತು. 2025ರಲ್ಲಿ ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ ನಡೆದ ತಮ್ಮ ಹೆಸರಿನ ಕೂಟಕ್ಕೆ ನೀರಜ್ ಮೊದಲು ಕರೆದವರ ಪಟ್ಟಿಯಲ್ಲಿ ನದೀಮ್ ಇದ್ದರು ಅನ್ನುವ ಕಾರಣಕ್ಕೆ, ಅದೇ ಜನ ನೀರಜ್ ದೇಶಪ್ರೇಮವನ್ನೇ ಪ್ರಶ್ನಿಸಿದರು. ಆ ತಾಯಿಯನ್ನೂ ಬಿಡಲಿಲ್ಲ. ಒಲಿಂಪಿಕ್ ಚಿನ್ನ ತಂದುಕೊಟ್ಟವನೇ ತಾನು ದೇಶಪ್ರೇಮಿ ಅಂತ ಬರೆದು ತಿಳಿಸಬೇಕಾಗಿ ಬಂದದ್ದು ನನಗೆ ತುಂಬ ನೋವು ಕೊಟ್ಟಿತು.

ನಮ್ಮಲ್ಲಿ ಬೇರೆ ಪರಂಪರೆಯೂ ಇದೆ, ಅದನ್ನು ಮರೆತಿದ್ದೇವೆ. 1962ರಲ್ಲಿ ಜಕಾರ್ತಾದಲ್ಲಿ ಏಷ್ಯನ್ ಗೇಮ್ಸ್. ಇಂಡೋನೇಷ್ಯಾ ಸರ್ಕಾರ ಇಸ್ರೇಲ್ ಮತ್ತು ತೈವಾನ್ ಆಟಗಾರರಿಗೆ ವೀಸಾ ಕೊಡಲಿಲ್ಲ. ಏಷ್ಯನ್ ಗೇಮ್ಸ್ ಕಟ್ಟಿದವರಲ್ಲಿ ಒಬ್ಬರಾದ ನಮ್ಮ ಜಿ.ಡಿ. ಸೋಂಧಿ ಅಲ್ಲೇ ಎದ್ದು ನಿಂತು, ಹಾಗಾದರೆ ಇದನ್ನು ಏಷ್ಯನ್ ಗೇಮ್ಸ್ ಅಂತ ಕರೆಯಬೇಡಿ ಅಂದರು. ಜನ ನಮ್ಮ ರಾಯಭಾರ ಕಚೇರಿಗೆ ನುಗ್ಗಿದರು. ಫುಟ್‌ಬಾಲ್ ಫೈನಲ್‌ನಲ್ಲಿ ಭಾರತ ಆಡಿದ್ದು ಸ್ಟೇಡಿಯಂ ತುಂಬ ಛೀಮಾರಿ ಹಾಕುವ ಜನರ ನಡುವೆ. ಅಲ್ಲಿ ತಮಗೆ ಚಪ್ಪಾಳೆ ಹೊಡೆದದ್ದು ಪಾಕಿಸ್ತಾನದ ಹಾಕಿ ತಂಡದವರು ಅಂತ ಆ ಆಟಗಾರರೇ ಹೇಳಿಕೊಂಡಿದ್ದಾರೆ. ಪಿ.ಕೆ. ಬ್ಯಾನರ್ಜಿ ಒಂದು ಗೋಲ್, ತಲೆಗೆ ಹೊಲಿಗೆ ಹಾಕಿಸಿಕೊಂಡು ಬಂದ ಜರ್ನೈಲ್ ಸಿಂಗ್ ಇನ್ನೊಂದು. ದಕ್ಷಿಣ ಕೊರಿಯಾ ವಿರುದ್ಧ 2-1, ಚಿನ್ನ. ಬೇರೆಯವರಿಗೆ ಆದ ಅನ್ಯಾಯಕ್ಕಾಗಿ ಮಾತಾಡಿ, ಅದರ ಬೆಲೆಯನ್ನು ತಾನು ತೆತ್ತು, ಮೈದಾನದಲ್ಲೂ ಗೆದ್ದ ಭಾರತ ಅದು. ನನ್ನ ಮಟ್ಟಿಗೆ ಆ ಚಿನ್ನದ ತೂಕ ಬೇರೆಯೇ. 1999ರ ಜನವರಿಯಲ್ಲಿ ಚೆನ್ನೈ ಟೆಸ್ಟ್‌ನಲ್ಲಿ 12 ರನ್‌ನಿಂದ ಸೋತರೂ ಎದ್ದು ನಿಂತು ಪಾಕಿಸ್ತಾನ ತಂಡಕ್ಕೆ ಚಪ್ಪಾಳೆ ತಟ್ಟಿದ ಜನರೂ ನಾವೇ.

2030ಕ್ಕೆ ಏನು ಬೇಕು ಅಂತ ಕೇಳಿದರೆ ನನ್ನ ಆಸೆ ದೊಡ್ಡದಲ್ಲ. ಭಾರತದ ಆಟಗಾರ ಇರುವ ಫೈನಲ್‌ನಲ್ಲಿ ಅಳತೆ ಮಾಡುವವರು, ಬಾವುಟ ಹಿಡಿಯುವವರು ಹೊರ ದೇಶದವರಿರಲಿ. ದೂರು ಕೊಡಬೇಕಾದರೆ ಎಲ್ಲಿಗೆ ಹೋಗಬೇಕು ಅಂತ ಹದಿನೆಂಟು ವರ್ಷದ ಹುಡುಗಿಗೂ ತಿಳಿಯುವ ಹಾಗೆ ಬರೆದು ಹಾಕಲಿ, ಅವಳ ಭಾಷೆ ಬಲ್ಲವರು ಪಕ್ಕದಲ್ಲಿರಲಿ. ನಮ್ಮ ತಂಡ ಆಯ್ಕೆಯಾಗುವ ಮೊದಲೇ, ಕ್ಯಾಂಪ್‌ನಲ್ಲೇ, ಹೇಳದೆ ಕೇಳದೆ ಡೋಪಿಂಗ್ ಪರೀಕ್ಷೆ ನಡೆಯಲಿ.

ಇದನ್ನೆಲ್ಲ ಅಹಮದಾಬಾದ್‌ನವರು ನೋಡಿಕೊಳ್ಳುತ್ತಾರೆ ಅಂತ ನೀವು ಅಂದುಕೊಳ್ಳಬಾರದು. ಹೋಬಳಿ ಮಟ್ಟದ ಕೂಟದಲ್ಲಿ ಏನು ನಡೆಯುತ್ತದೆ ಅಂತ ಇಲ್ಲಿರುವ ಮೇಷ್ಟ್ರುಗಳಿಗೆ ನಾನು ಹೇಳಬೇಕಾಗಿಲ್ಲ. ಆತಿಥೇಯ ಶಾಲೆಯ ಖೋಖೋ ಪಂದ್ಯಕ್ಕೆ ಅದೇ ಶಾಲೆಯ ಪಿ.ಟಿ. ಮೇಷ್ಟ್ರು ಅಂಪೈರ್. ಗಡಿಯಾರ ಹಿಡಿದವರು ಅವರ ಸ್ನೇಹಿತರು. ಒಂಬತ್ತನೇ ಕ್ಲಾಸಿನ ಹುಡುಗನ ಹೆಸರಲ್ಲಿ ಮೀಸೆ ಬಂದವನು ಕಣಕ್ಕಿಳಿದಿರುತ್ತಾನೆ. ದೂರದ ಹಳ್ಳಿಯಿಂದ ಟೆಂಪೋದಲ್ಲಿ ಬಂದ ಮಕ್ಕಳು ಸೋತು, ಯಾರಿಗೆ ಹೇಳಬೇಕು ಅಂತ ತಿಳಿಯದೆ ವಾಪಸ್ ಹೋಗುತ್ತವೆ. ಮುಂದೆ ದೇಶದ ಜರ್ಸಿ ಹಾಕುವವರು, ದೊಡ್ಡ ಕೂಟಗಳಲ್ಲಿ ಬಾವುಟ ಹಿಡಿಯುವವರು ಇಬ್ಬರೂ ಈ ಮೈದಾನಗಳಿಂದಲೇ ಬರುತ್ತಾರೆ.

ಈ ವರ್ಷದ ಕೂಟಕ್ಕೆ ಮೊದಲು ತಾಲ್ಲೂಕಿನಲ್ಲಿ ನಿಮ್ಮ ಸಭೆ ನಡೆಯುತ್ತದಲ್ಲ, ಅಲ್ಲಿ ಒಂದೆರಡು ಮಾತು ಇಟ್ಟು ನೋಡಿ. ಯಾವ ಶಾಲೆಯ ಪಂದ್ಯಕ್ಕೂ ಆ ಶಾಲೆಯವರು ಅಂಪೈರ್ ಆಗುವುದು ಬೇಡ. ಫೈನಲ್‌ಗಳನ್ನು ಯಾರಾದರೂ ಮೊಬೈಲ್‌ನಲ್ಲಿ ಪೂರ್ತಿ ರೆಕಾರ್ಡ್ ಮಾಡಲಿ. ದೂರು ಬಂದರೆ ಕೂತು ನೋಡಲು ಮೂರು ಬೇರೆ ಬೇರೆ ಶಾಲೆಯ ಮೇಷ್ಟ್ರುಗಳ ಹೆಸರನ್ನು ಬೆಳಿಗ್ಗೆಯೇ ಮೈಕಿನಲ್ಲಿ ಹೇಳಿಬಿಡಿ. ಇದಕ್ಕೆ ಖರ್ಚಿಲ್ಲ, ಮೇಲಿನವರ ಆದೇಶಕ್ಕೆ ಕಾಯಬೇಕಾಗಿಯೂ ಇಲ್ಲ. ಯಾರಾದರೂ ಈ ಸಲವೇ ಮಾಡಿ ನೋಡಿದರೆ ಏನಾಯಿತು ಅಂತ ನನಗೆ ತಿಳಿಸಿ. ಅದನ್ನು ಕೇಳಲು ನಾನೇ ನಿಮ್ಮ ಊರಿಗೆ ಬರುತ್ತೇನೆ.